ಟ್ಯೂಬ್ ತೆಗೆಯುವ ಮುನ್ನ ರಿಮ್ ಓದಿ

ಜನವರಿಯಲ್ಲಿ ಚುಂಚನಕಟ್ಟೆ ದನಗಳ ಜಾತ್ರೆ ಮುಗಿದ ಮೇಲೆ ನಮ್ಮ ಕಡೆ ಸೈಕಲ್ ತುಳಿಯುವವರಿಗೆ ಪರೀಕ್ಷೆ ಶುರುವಾಗುತ್ತದೆ. ಎತ್ತುಗಳ ಲಾಳದಿಂದ ಉದುರಿದ ಮೊಳೆ, ಬೇಲಿಗೆಂದು ಕಡಿದು ರಸ್ತೆಯುದ್ದ ಎಳೆದುಕೊಂಡು ಹೋದ ಜಾಲಿಯ ಮುಳ್ಳು, ರಾಗಿ, ಹುರುಳಿ ಒಕ್ಕಣೆ ಮಾಡಿದ ಜಾಗದಲ್ಲಿ ಹುಲ್ಲಿನಡಿ ಅಡಗಿ ಕೂತ ಗಾಜಿನ ಚೂರು, ಇವೆಲ್ಲ ಕಾಯುತ್ತಿರುವುದು ಒಂದೇ ವಸ್ತುವಿಗೆ: ತೆಳ್ಳನೆಯ ಸೈಕಲ್ ಟೈರಿಗೆ. ಸಾಲಿಗ್ರಾಮದಿಂದ ಕೆ.ಆರ್. ನಗರದ ಕಡೆಗೋ ಮಿರ್ಲೆಯ ಕಡೆಗೋ ಬೆಳಿಗ್ಗೆ ಆರಕ್ಕೆ ಹೊರಟರೆ ದಾರಿಯಲ್ಲಿ ಪಂಕ್ಚರ್ ಅಂಗಡಿ ಇದ್ದರೂ ಬಾಗಿಲು ತೆಗೆದಿರುವುದಿಲ್ಲ. ಆಗ ಸೈಕಲ್ ನಮ್ಮನ್ನು ಹೊರುವುದಿಲ್ಲ, ನಾವೇ ಸೈಕಲ್ಲನ್ನು ತಳ್ಳಿಕೊಂಡು ಬರಬೇಕು.

ನಮ್ಮ ತಲೆಮಾರಿನ ಎಷ್ಟೋ ಹಳ್ಳಿ ಹುಡುಗ ಹುಡುಗಿಯರಿಗೆ ಮೊದಲ ಸೈಕಲ್ ಕೊಟ್ಟಿದ್ದು ಸರ್ಕಾರ. 2006-07ರಲ್ಲಿ ಶುರುವಾದ ಎಂಟನೇ ತರಗತಿಯವರ ಉಚಿತ ಸೈಕಲ್ ಯೋಜನೆಯನ್ನು ಮರೆತವರಿಲ್ಲ. ಆ ಸೈಕಲ್ಲಿನ ದಪ್ಪ ಟೈರಿಗೆ ಪಂಕ್ಚರ್ ಆದರೆ ಅಂಗಡಿಯವರು ಟ್ಯೂಬು ಹೊರಗೆಳೆದು, ನೀರಿನ ಬಾಣಲೆಯಲ್ಲಿ ಮುಳುಗಿಸಿ, ಗುಳ್ಳೆ ಬಂದ ಕಡೆ ಉಜ್ಜಿ, ಸೊಲ್ಯೂಷನ್ ಹಚ್ಚಿ ಪ್ಯಾಚ್ ಒತ್ತುತ್ತಿದ್ದರು. ಅದೇ ಹುಡುಗರಲ್ಲಿ ಕೆಲವರು ಈಗ ಪದವಿ ಓದುತ್ತಾ, ಇಲ್ಲವೇ ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುತ್ತಾ, ಮೈಸೂರಿನಲ್ಲಿ ಯಾರೋ ಮಾರಿದ ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ಕೊಂಡಿದ್ದೇವೆ. ಬಾಗಿದ ಹ್ಯಾಂಡಲ್, ಬೆರಳಷ್ಟು ಅಗಲದ ಟೈರು, ಕಲ್ಲಿನಂಥ ಗಾಳಿ. ಓಡಿಸಲು ಹಗುರ, ಪಂಕ್ಚರಿಗೂ ಅಷ್ಟೇ ಸಲೀಸು.

ಹಾಗಾಗಿ ಮೊಬೈಲಿನಲ್ಲಿ ಒಂದು ವಿಡಿಯೊ ಕಣ್ಣಿಗೆ ಬಿದ್ದರೆ ಸಾಕು, ಆಸೆ ಹುಟ್ಟುತ್ತದೆ: ‘ಸಾಧಾರಣ ವೀಲನ್ನು ಹತ್ತೇ ನಿಮಿಷದಲ್ಲಿ ಟ್ಯೂಬ್‌ಲೆಸ್ ಮಾಡಿ’. ಟೇಪ್ ಸುತ್ತಿ, ಬಿಳಿ ಹಾಲಿನಂಥ ಸೀಲೆಂಟ್ ಸುರಿದು, ಗಾಳಿ ಹೊಡೆದರೆ ಮುಗಿಯಿತು ಎನ್ನುತ್ತಾರೆ. ಮುಗಿಯುತ್ತದೆಯೇ? ಕೆಲವು ವೀಲುಗಳಲ್ಲಿ ಹೌದು, ಕೆಲವುಗಳಲ್ಲಿ ಖಂಡಿತ ಇಲ್ಲ. ಯಾವುದರಲ್ಲಿ ಹೌದು, ಯಾವುದರಲ್ಲಿ ಇಲ್ಲ ಎಂದು ಗೊತ್ತು ಮಾಡಿಕೊಳ್ಳದೆ ಕೈ ಹಾಕಿದರೆ ಹಾಳಾಗುವುದು ದುಡ್ಡೊಂದೇ ಅಲ್ಲ. ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ಐವತ್ತರ ವೇಗದಲ್ಲಿ ಇಳಿಯುವಾಗ ಮುಂದಿನ ಟೈರು ರಿಮ್ ಬಿಟ್ಟು ಕಳಚಿದರೆ ಏನಾಗುತ್ತದೆ, ಯೋಚಿಸಿ.

ಬೈಕಿಗೆ ಆಗುತ್ತೆ, ಸೈಕಲ್ಲಿಗೆ?

ಟ್ಯೂಬ್‌ಲೆಸ್ ನಮಗೆ ಹೊಸ ಪದವಲ್ಲ. ಅಲಾಯ್ ವೀಲಿನ ಬೈಕ್ ಇರುವ ಮನೆಗೆಲ್ಲ ಗೊತ್ತು. ಮೊಳೆ ಚುಚ್ಚಿದರೂ ಗಾಳಿ ನಿಧಾನ ಇಳಿಯುತ್ತದೆ, ಅಂಗಡಿಯವರು ವೀಲ್ ಬಿಚ್ಚದೆ ರಬ್ಬರ್ ಸ್ಟ್ರಿಪ್ ತೂರಿಸಿ ಐದು ನಿಮಿಷದಲ್ಲಿ ಕಳಿಸುತ್ತಾರೆ. ಅದೇ ಸ್ಪೋಕ್ ವೀಲಿನ ಬೈಕಿಗೆ ಸಾಮಾನ್ಯವಾಗಿ ಟ್ಯೂಬೇ ಇರುತ್ತದೆ. ಕಾರಣ ಸರಳ. ಸ್ಪೋಕ್ ಕಡ್ಡಿಗಳನ್ನು ಬಿಗಿಯಲು ರಿಮ್ಮಿನಲ್ಲಿ ತೂತುಗಳಿರುತ್ತವೆ, ಟ್ಯೂಬಿಲ್ಲದಿದ್ದರೆ ಗಾಳಿ ಅಲ್ಲಿಂದಲೇ ಹೊರಟುಹೋಗುತ್ತದೆ. ಸೈಕಲ್ ವೀಲುಗಳೋ ಬಹುಪಾಲು ಸ್ಪೋಕ್ ವೀಲುಗಳೇ. ಆ ತೂತುಗಳ ಮೇಲೆ ಗಾಳಿಯಾಡದ ಟೇಪ್ ಅಂಟಿಸುವುದು ಟ್ಯೂಬ್‌ಲೆಸ್ ಪರಿವರ್ತನೆಯ ಮೊದಲ ಕೆಲಸ. ಬಹಳ ಮಂದಿ ಇದೊಂದನ್ನೇ ಇಡೀ ಕೆಲಸ ಎಂದುಕೊಂಡಿದ್ದಾರೆ.

ಎರಡನೆಯ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಟೈರಿನ ಎರಡೂ ಅಂಚಿನಲ್ಲಿ ತಂತಿಯದೋ ಗಟ್ಟಿ ನಾರಿನದೋ ಬಳೆ ಇರುತ್ತದೆ, ಅದನ್ನು ಬೀಡ್ ಎನ್ನುತ್ತಾರೆ. ಗಾಳಿ ತುಂಬಿದಾಗ ಟೈರನ್ನು ರಿಮ್ಮಿಗೆ ಹಿಡಿದಿಡುವುದು ಈ ಬೀಡ್. ಟ್ಯೂಬ್ ಇದ್ದಾಗ ಗಾಳಿ ಹಿಡಿಯುವ ಕೆಲಸ ಟ್ಯೂಬಿನದು, ಅಂಚು ಹಿಡಿಯುವ ಕೆಲಸ ಬೀಡಿನದು. ಟ್ಯೂಬ್ ತೆಗೆದರೆ ಎರಡೂ ಬೀಡಿನ ತಲೆಗೇ ಬೀಳುತ್ತವೆ. ಟ್ಯೂಬ್‌ಲೆಸ್‌ಗೆಂದೇ ಮಾಡಿದ ರಿಮ್ಮಿನಲ್ಲಿ ಬೀಡ್ ಕೂರಲು ಸಮತಟ್ಟಾದ ಪಡಸಾಲೆಯಂಥ ಜಾಗವಿರುತ್ತದೆ, ಅದು ಒಳಗೆ ಜಾರದಂತೆ ಸಣ್ಣ ಉಬ್ಬು ಇರುತ್ತದೆ, ನಡುವೆ ಟೈರ್ ಹಾಕುವಾಗ ಬೀಡನ್ನು ಇಳಿಬಿಡಲು ಆಳವಾದ ಕಾಲುವೆ ಇರುತ್ತದೆ. ಗಾಳಿ ಪೂರ್ತಿ ಇಳಿದರೂ ಬೀಡ್ ತನ್ನ ಜಾಗದಲ್ಲೇ ಕೂತಿದ್ದು, ನೀವು ಬ್ರೇಕ್ ಹಿಡಿದು ನಿಲ್ಲುವಷ್ಟು ಸಮಯ ಸಿಗಲಿ ಎಂಬುದು ಆ ಉಬ್ಬಿನ ಉದ್ದೇಶ. ಸಾಧಾರಣ ರಿಮ್ಮಿನಲ್ಲಿ ಆ ಉಬ್ಬು ಇರುವುದಿಲ್ಲ. ಗಾಳಿ ಇಳಿದ ಕ್ಷಣ ಬೀಡ್ ಕಾಲುವೆಗೆ ಜಾರುತ್ತದೆ, ಟೈರು ಸಡಿಲವಾಗಿ ಅಂಚಿನಿಂದ ಹೊರಬರುತ್ತದೆ.

ಗಾಳಿಯ ಲೆಕ್ಕ

‘ಗುಡ್ಡಗಾಡು ಸೈಕಲ್ಲಿನವರು ಹಳೆ ರಿಮ್ಮಿಗೇ ಟೇಪ್ ಸುತ್ತಿ ಓಡಿಸುತ್ತಾರಲ್ಲ?’ ಎಂದು ಕೇಳಬಹುದು. ಓಡಿಸಿದ್ದಾರೆ, ನಿಜ. ಮೌಂಟನ್ ಬೈಕಿಗೆ ಟ್ಯೂಬ್‌ಲೆಸ್ ಬಂದದ್ದೂ ಮೊದಲೇ. ಫ್ರಾನ್ಸಿನ ಮ್ಯಾವಿಕ್ ಕಂಪನಿ 1999ರಲ್ಲಿ ಯುಎಸ್‌ಟಿ ಎಂಬ ಪದ್ಧತಿ ತಂದಿತು. ರೋಡ್ ಬೈಕಿಗೆ ಹಚಿನ್ಸನ್ ಮತ್ತು ಶಿಮಾನೊ ಸೇರಿ ಟ್ಯೂಬ್‌ಲೆಸ್ ತಂದದ್ದು 2006ರಲ್ಲಿ. ನಡುವಿನ ವರ್ಷಗಳಲ್ಲಿ ಸುಮ್ಮನೆ ಕಾಯಲಿಲ್ಲ, ರೋಡ್ ಬೈಕಿನ ಗಾಳಿಯ ಒತ್ತಡವೇ ಅಡ್ಡ ನಿಂತಿತ್ತು.

ಒಂದು ಸಣ್ಣ ಲೆಕ್ಕ ಹಾಕೋಣ. ಬೀಡನ್ನು ಹೊರಗೆ ಎಳೆಯುವ ಬಲವನ್ನು ಅಂದಾಜು ಮಾಡಲು ಗಾಳಿಯ ಒತ್ತಡವನ್ನು ಟೈರಿನ ಅಗಲದಿಂದ ಗುಣಿಸಿ ನೋಡಬಹುದು. ಮೌಂಟನ್ ಬೈಕಿನ 54 ಮಿ.ಮೀ. ಟೈರಿಗೆ 25 ಪಿಎಸ್‌ಐ ಗಾಳಿ ಎಂದಿಟ್ಟುಕೊಳ್ಳಿ. 54ನ್ನು 25ರಿಂದ ಗುಣಿಸಿದರೆ 1,350. ರೋಡ್ ಬೈಕಿನ 25 ಮಿ.ಮೀ. ಟೈರಿಗೆ 90 ಪಿಎಸ್‌ಐ ಹೊಡೆದರೆ 2,250. ಟೈರು ಅರ್ಧಕ್ಕಿಂತ ಸಣ್ಣದಾದರೂ ಬೀಡಿನ ಮೇಲಿನ ಎಳೆತ ಒಂದೂವರೆ ಪಟ್ಟಿಗಿಂತ ಹೆಚ್ಚು. ಟ್ಯೂಬಿಗೆಂದು ಮಾಡಿದ ಸಾಧಾರಣ ಟೈರಿನ ಬೀಡ್ ಈ ಎಳೆತಕ್ಕೆ ಚೂರು ಹಿಗ್ಗಿದರೂ ಸಾಕು, ಅಂಚಿನಿಂದ ಹಾರಿಬಿಡುತ್ತದೆ. ಹಾಗಾಗಿ ಮೊದಲ ನಿಯಮಕ್ಕೆ ವಿನಾಯಿತಿ ಇಲ್ಲ: ರೋಡ್ ಬೈಕಿನಲ್ಲಿ ಟ್ಯೂಬ್ ಇಲ್ಲದೆ ಓಡಿಸುವುದಾದರೆ ಟೈರಿನ ಮೇಲೆ ‘ಟ್ಯೂಬ್‌ಲೆಸ್’ ಅಥವಾ ‘ಟ್ಯೂಬ್‌ಲೆಸ್ ರೆಡಿ’ ಎಂದು ಬರೆದಿರಲೇಬೇಕು. ಇರುವ ಹಳೆ ಟೈರಿಗೇ ಸೀಲೆಂಟ್ ಸುರಿದು ಕೂರಿಸುವ ಪ್ರಯೋಗ ಬೇಡ.

ರಿಮ್ಮಿನ ಮೇಲಿನ ಅಕ್ಷರ

ಇನ್ನು ರಿಮ್. ನಿಮ್ಮ ಸೈಕಲ್ಲಿನ ರಿಮ್ಮನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ಸುತ್ತ ನೋಡಿ. ಎಲ್ಲೋ ಒಂದು ಕಡೆ ‘622×17’ ಎಂಬಂಥ ಸಂಖ್ಯೆ ಇರುತ್ತದೆ. ಮೊದಲ ಸಂಖ್ಯೆ ಬೀಡ್ ಕೂರುವ ಜಾಗದ ವ್ಯಾಸ, ಮಿಲಿಮೀಟರಿನಲ್ಲಿ. ನಾವು 700ಸಿ ಎಂದು ಕರೆಯುವ ರೋಡ್ ಬೈಕ್ ವೀಲುಗಳೆಲ್ಲ 622. ಎರಡನೆಯದು ರಿಮ್ಮಿನ ಒಳ ಅಗಲ. ಅದರ ಪಕ್ಕದ ಇಂಗ್ಲಿಷ್ ಅಕ್ಷರಗಳೇ ಮುಖ್ಯ.

ಬರೀ ‘ಸಿ’ ಇದ್ದರೆ ಅಂಚಿನಲ್ಲಿ ಒಳಬಾಗಿದ ಕೊಕ್ಕೆ ಇರುವ, ಟ್ಯೂಬಿಗೆಂದೇ ಮಾಡಿದ ರಿಮ್. ‘ಟಿಸಿ’ ಇದ್ದರೆ ಕೊಕ್ಕೆಯೂ ಇದೆ, ಟ್ಯೂಬ್‌ಲೆಸ್‌ಗೂ ಸಿದ್ಧ. ‘ಟಿಎಸ್‌ಎಸ್’ ಇದ್ದರೆ ಟ್ಯೂಬ್‌ಲೆಸ್ ಆಗುತ್ತದೆ, ಆದರೆ ಅಂಚು ನೇರ, ಕೊಕ್ಕೆ ಇಲ್ಲ. ಇದನ್ನೇ ಹುಕ್‌ಲೆಸ್ ಎನ್ನುತ್ತಾರೆ. ಕೆಲವು ಕಂಪನಿಗಳು ಈ ಅಕ್ಷರಗಳ ಬದಲು ‘ಟ್ಯೂಬ್‌ಲೆಸ್ ರೆಡಿ’ ಎಂದೇ ಬರೆದಿರುತ್ತವೆ. ಏನೂ ಬರೆದಿಲ್ಲವೇ? ಕಂಪನಿಯ ಹೆಸರು, ಮಾಡೆಲ್ ಹಿಡಿದು ಅವರ ಕೈಪಿಡಿ ನೋಡಿ. ಅದರಲ್ಲೂ ಸಿಗದಿದ್ದರೆ ಆಗುವುದಿಲ್ಲ ಎಂದೇ ತಿಳಿಯಿರಿ. ಅನುಮಾನ ಇದ್ದ ಕಡೆ ಟ್ಯೂಬ್ ಇರಲಿ.

ಹುಕ್‌ಲೆಸ್ ರಿಮ್ ಕೊಂಡವರು ಇನ್ನೊಂದು ಸಂಖ್ಯೆ ನೆನಪಿಡಬೇಕು: 72.5 ಪಿಎಸ್‌ಐ, ಅಂದರೆ 5 ಬಾರ್. ಅದಕ್ಕಿಂತ ಹೆಚ್ಚು ಗಾಳಿ ಹೊಡೆಯುವಂತಿಲ್ಲ. ಟೈರಿನ ಮೇಲೂ ‘ಹುಕ್‌ಲೆಸ್ ರಿಮ್ಮಿಗೆ ಒಪ್ಪಿತ’ ಎಂದಿರಬೇಕು. 2024ರ ಫೆಬ್ರವರಿಯಲ್ಲಿ ಯುಎಇ ಟೂರ್ ರೇಸಿನಲ್ಲಿ ಬೆಲ್ಜಿಯಂನ ಅನುಭವಿ ಸೈಕ್ಲಿಸ್ಟ್ ಥಾಮಸ್ ಡಿ ಗೆಂಟ್ ಬಿದ್ದರು. ಅವರ ಹುಕ್‌ಲೆಸ್ ರಿಮ್ಮಿನಿಂದ ಟೈರು ಹೊರಬಂದಿದ್ದ ದೃಶ್ಯವನ್ನು ಸೈಕ್ಲಿಂಗ್ ಜಗತ್ತೆಲ್ಲ ನೋಡಿತು. ವಿಶ್ವ ಸೈಕ್ಲಿಂಗ್ ಸಂಸ್ಥೆ ಯುಸಿಐ ಕೂಡ ಈ ರಿಮ್ಮುಗಳ ಸುರಕ್ಷತೆಯನ್ನು ಪರಿಶೀಲಿಸುವುದಾಗಿ ಹೇಳಿತು. ಹಿಂದೆ ಮೆಕ್ಯಾನಿಕ್ ಕಾರು ಬರುವ ರೇಸಿನಲ್ಲೇ ಇಷ್ಟು ಚರ್ಚೆಯಾದರೆ, ನಾಲೆ ಏರಿ ಮೇಲೆ ಒಬ್ಬರೇ ಹೋಗುವ ನಾವು ಎರಡು ಸಲ ಯೋಚಿಸುವುದು ತಪ್ಪಲ್ಲ.

ಮುಂದೊಂದು, ಹಿಂದೊಂದು

ನನ್ನ ಸೈಕಲ್ಲಿನ ಕಥೆಯನ್ನೇ ಉದಾಹರಣೆಯಾಗಿ ಹೇಳುತ್ತೇನೆ. ಹಿಂದಿನ ಮಾಲೀಕರು ಯಾವುದೋ ಗುಂಡಿಗೆ ಇಳಿಸಿ ಮುಂದಿನ ವೀಲ್ ಸೊಟ್ಟಗಾಗಿ, ಹೊಸದು ಹಾಕಿಸಿದ್ದರು. ಹಾಗಾಗಿ ಮುಂದಿನ ರಿಮ್ಮಿನ ಮೇಲೆ 622×19ಟಿಸಿ, ಹಿಂದಿನದರ ಮೇಲೆ 622×17ಸಿ. ಪಂಕ್ಚರ್ ಹೆಚ್ಚು ಆಗುವುದು ಹಿಂದಿನ ವೀಲಿಗೆ, ನಮ್ಮ ಮೈಭಾರ ಹೆಚ್ಚು ಬೀಳುವುದೇ ಅಲ್ಲಿ. ಟ್ಯೂಬ್‌ಲೆಸ್ ಬೇಕಾದ ಕಡೆ ರಿಮ್ ಒಪ್ಪುವುದಿಲ್ಲ, ಒಪ್ಪುವ ರಿಮ್ಮಿನ ಕಡೆ ಅಷ್ಟೊಂದು ಪಂಕ್ಚರ್ ಇಲ್ಲ.

ನಮ್ಮೂರಿನ ಪಂಕ್ಚರ್ ಅಂಗಡಿಯ ಅಣ್ಣನಿಗೆ ಇದು ಒಪ್ಪಿಗೆಯಾಗಲಿಲ್ಲ. “ಅಲ್ಲ ಕಣ್ ಮಗ, ಎರಡಕ್ಕೂ ಟೇಪ್ ಹೊಡೆದ್ರಾಯ್ತು. ಗಾಳಿ ನಿಂತ್ರೆ ಸರಿ ತಾನೆ?” ಎಂದರು.

“ಗಾಳಿ ನಿಲ್ಲುತ್ತೆ ಅಣ್ಣ, ಟೈರ್ ನಿಲ್ಲಬೇಕಲ್ಲ” ಎಂದೆ.

ಎರಡೂ ರಿಮ್ಮಿನಿಂದ ಟೈರ್ ಬಿಚ್ಚಿ ಅವರ ಕೈಗೇ ಕೊಟ್ಟೆ. ಬೆರಳಿನಿಂದ ಒಳಗೆ ಸವರಿ ನೋಡಿದರು. ಮುಂದಿನದರಲ್ಲಿ ಬೆರಳಿಗೆ ಉಬ್ಬು ಸಿಕ್ಕಿತು, ಹಿಂದಿನದರಲ್ಲಿ ಸಿಗಲಿಲ್ಲ. ಎಷ್ಟೋ ವರ್ಷದಿಂದ ಅಲಾಯ್ ವೀಲಿನ ಟೈರ್ ಬಿಚ್ಚುತ್ತಿರುವ ಕೈ ಅದು. “ಓಹ್, ಬೈಕ್ ರಿಮ್ಮಲ್ಲೂ ಇಂಗೇ ಒಂದು ಏಣು ಇರ್ತದೆ. ಅದಿಲ್ದೆ ಇದ್ರೆ ಬ್ಯಾಡ ಬುಡು” ಎಂದು ಅವರೇ ತೀರ್ಪು ಕೊಟ್ಟರು. ಕೊನೆಗೆ ಮುಂದಿನದು ಟ್ಯೂಬ್‌ಲೆಸ್ ಆಯಿತು, ಹಿಂದಿನದಕ್ಕೆ ಟ್ಯೂಬೇ ಉಳಿಯಿತು. ಆದರೆ ಹಿಂದಿನದನ್ನೂ ಹಾಗೇ ಬಿಡಲಿಲ್ಲ. ಅದಕ್ಕೇನು ಮಾಡಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಬೇಕಾಗುವ ಸಾಮಾನು

ಟ್ಯೂಬ್‌ಲೆಸ್ ಟೈರು, ಟ್ಯೂಬ್‌ಲೆಸ್ ಟೇಪ್, ಬುಡದಲ್ಲಿ ರಬ್ಬರ್ ಇರುವ ಟ್ಯೂಬ್‌ಲೆಸ್ ವಾಲ್ವ್, ಸೀಲೆಂಟ್, ಸೂಜಿಯಿಲ್ಲದ ಸಿರಿಂಜ್, ಪ್ಲಾಸ್ಟಿಕ್ ಲಿವರ್, ಸೋಪಿನ ನೀರು. ಜೊತೆಗೆ ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರ್. ಇದು ಯಾಕೆಂದರೆ ನಮ್ಮಲ್ಲಿ ವಾಲ್ವ್ ಮೂರು ಬಗೆ. ಅಪ್ಪನ ಕಾಲದ ಸೈಕಲ್ಲಿಗೆ ಸಣ್ಣ ರಬ್ಬರ್ ಕೊಳವೆ ತೊಡಿಸುವ ವಾಲ್ವ್, ಬೈಕು ಕಾರಿಗೆ ದಪ್ಪನೆಯ ಶ್ರೇಡರ್, ರೋಡ್ ಬೈಕಿಗೆ ಸಪೂರವಾದ ಪ್ರೆಸ್ಟಾ. ಅಂಗಡಿಯ ಕಂಪ್ರೆಸರ್ ಬಾಯಿ ಪ್ರೆಸ್ಟಾಕ್ಕೆ ಕೂರುವುದಿಲ್ಲ. ಆ ಅಡಾಪ್ಟರ್ ಜೇಬಿನಲ್ಲಿದ್ದರೆ ಯಾವ ಊರಿನ ಕಂಪ್ರೆಸರೂ ನಿಮ್ಮದೇ.

ಟೇಪಿನ ಅಗಲ ರಿಮ್ಮಿನ ಒಳ ಅಗಲಕ್ಕಿಂತ ಎರಡು ಮೂರು ಮಿ.ಮೀ. ಹೆಚ್ಚಿರಲಿ. 19ರ ರಿಮ್ಮಿಗೆ 21ರ ಟೇಪ್ ಸರಿ. ವೈರಿಂಗಿಗೆ ಬಳಸುವ ಇನ್ಸುಲೇಷನ್ ಟೇಪ್ ಆಗುವುದಿಲ್ಲ. ರೋಡ್ ಬೈಕಿನ ಒತ್ತಡಕ್ಕೆ ಅದು ಹಿಗ್ಗಿ, ಸ್ಪೋಕ್ ತೂತಿನೊಳಗೆ ಇಳಿದು ಹರಿಯುತ್ತದೆ.

ಮಾಡುವ ಬಗೆ

ಮೊದಲು ಹಳೆಯ ರಿಮ್ ಪಟ್ಟಿಯನ್ನು ಕಿತ್ತು ಹಾಕಿ. ಐಸೊಪ್ರೊಪಿಲ್ ಆಲ್ಕೋಹಾಲಿನಿಂದ ರಿಮ್ ಒಳಭಾಗವನ್ನು ಜಿಡ್ಡು ಹೋಗುವಂತೆ ಒರೆಸಿ, ಒಣಗಲು ಬಿಡಿ. ಅವಸರ ಬೇಡ, ಮುಂದೆ ಗಾಳಿ ಸೋರುವ ಬಹುಪಾಲು ತಾಪತ್ರಯ ಇಲ್ಲೇ ಹುಟ್ಟುತ್ತದೆ.

ವಾಲ್ವ್ ತೂತಿನಿಂದ ಗೇಣು ದೂರದಲ್ಲಿ ಟೇಪ್ ಶುರುಮಾಡಿ, ಬಿಗಿಯಾಗಿ ಎಳೆಯುತ್ತಾ, ಸುಕ್ಕು ಬರದಂತೆ ಅಂಚಿನಿಂದ ಅಂಚಿಗೆ ಕೂರಿಸಿ. ತೂತನ್ನು ದಾಟಿ ಮತ್ತೊಂದು ಗೇಣು ಮೇಲೆ ಮೇಲೆ ಬರುವಂತೆ ಅಂಟಿಸಿ ಕತ್ತರಿಸಿ. ಬಟ್ಟೆಯಲ್ಲಿ ಸುತ್ತಲೂ ಒತ್ತಿ ಉಜ್ಜಿ. ವಾಲ್ವ್ ತೂತಿಗೆ ಬ್ಲೇಡಿನಲ್ಲಿ ಕೊಯ್ದರೆ ಸೀಳು ಉದ್ದಕ್ಕೂ ಹರಿಯಬಹುದು. ಸಣ್ಣ ಮೊಳೆಯನ್ನು ಕಾಯಿಸಿ ಚುಚ್ಚಿದರೆ ದುಂಡನೆಯ ತೂತಾಗಿ ಅಂಚು ಕರಗಿ ನಿಲ್ಲುತ್ತದೆ. ಸಮಯವಿದ್ದರೆ ಒಂದು ರಾತ್ರಿ ಟ್ಯೂಬ್ ಹಾಕಿಯೇ ಗಾಳಿ ತುಂಬಿಡಿ, ಟ್ಯೂಬು ಒಳಗಿನಿಂದ ಒತ್ತಿ ಟೇಪನ್ನು ಗಟ್ಟಿಯಾಗಿ ಅಂಟಿಸುತ್ತದೆ.

ಮರುದಿನ ಟ್ಯೂಬ್ ತೆಗೆದು, ಟ್ಯೂಬ್‌ಲೆಸ್ ವಾಲ್ವ್ ತೂರಿಸಿ ನಟ್ಟನ್ನು ಕೈಯಲ್ಲೇ ಬಿಗಿಯಿರಿ. ಇಕ್ಕಳ ಬೇಡ. ದಾರಿಯಲ್ಲಿ ಬಿಚ್ಚಬೇಕಾಗಿ ಬಂದಾಗ ಇಕ್ಕಳ ಇರುವುದಿಲ್ಲ. ಟೈರಿನ ಬೀಡನ್ನು ವಾಲ್ವಿನ ಎದುರು ಬದಿಯಿಂದ ಹಾಕುತ್ತಾ ಬಂದು ವಾಲ್ವಿನ ಹತ್ತಿರ ಮುಗಿಸಿ. ಉಳಿದ ಕಡೆಯೆಲ್ಲ ಬೀಡನ್ನು ನಡುವಿನ ಕಾಲುವೆಗೆ ಒತ್ತಿಟ್ಟುಕೊಂಡರೆ ಕೊನೆಯ ಗೇಣಿಗೆ ಸಡಿಲ ಸಿಗುತ್ತದೆ. ಹೆಬ್ಬೆರಳು ಸೋತರೆ ಪ್ಲಾಸ್ಟಿಕ್ ಲಿವರ್ ಬಳಸಿ. ಕಬ್ಬಿಣದ್ದು ಟೇಪನ್ನು ಗೀರುತ್ತದೆ.

ಬೀಡಿಗೆ ಸೋಪಿನ ನೀರು ಸವರಿ. ವಾಲ್ವಿನ ಒಳಗಿನ ಕೋರ್ ಬಿಚ್ಚಿದರೆ ಗಾಳಿ ಜೋರಾಗಿ ಒಳನುಗ್ಗುತ್ತದೆ, ಬೀಡ್ ಬೇಗ ಮೇಲೇರುತ್ತದೆ. ಇಲ್ಲೊಂದು ಎಚ್ಚರಿಕೆ. ಕಂಪ್ರೆಸರ್ ಅಂಗಡಿಯವರ ಕೈ ಟ್ರ್ಯಾಕ್ಟರ್, ಲಾರಿ ಟೈರಿಗೆ ಪಳಗಿರುತ್ತದೆ. ಸೈಕಲ್ ಟೈರಿನೊಳಗಿನ ಜಾಗ ತೀರ ಕಡಿಮೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮಿತಿ ದಾಟುತ್ತದೆ. ಗೇಜ್ ನೋಡಿಕೊಂಡು, ಒಂದೊಂದು ಸೆಕೆಂಡು ಬಿಟ್ಟು ಬಿಟ್ಟು ಗಾಳಿ ಬಿಡಲು ಹೇಳಿ. ರಿಮ್ ಮೇಲೆ ಒಂದು ಮಿತಿ, ಟೈರ್ ಮೇಲೆ ಒಂದು ಮಿತಿ ಬರೆದಿದ್ದರೆ ಎರಡರಲ್ಲಿ ಕಡಿಮೆ ಇರುವುದೇ ನಿಮ್ಮ ಮಿತಿ. ಮುಖವನ್ನು ವೀಲಿನ ಮೇಲೆ ಬಗ್ಗಿಸಬೇಡಿ. ‘ಟಪ್, ಟಪ್’ ಎಂದು ಸದ್ದಾದರೆ ಬೀಡ್ ತನ್ನ ಜಾಗಕ್ಕೆ ಕೂರುತ್ತಿದೆ ಎಂದರ್ಥ. ಟೈರಿನ ಅಂಚಿನಲ್ಲಿ ಸುತ್ತಲೂ ಒಂದು ಗೆರೆ ಇರುತ್ತದೆ. ಅದು ಎರಡೂ ಬದಿ ರಿಮ್ಮಿನಿಂದ ಒಂದೇ ಅಳತೆಯಲ್ಲಿ ಕಂಡರೆ ಸರಿಯಾಗಿ ಕೂತಿದೆ. ಎಲ್ಲಾದರೂ ಗೆರೆ ಒಳಗೆ ಮುಳುಗಿದ್ದರೆ ಗಾಳಿ ಬಿಟ್ಟು, ಸೋಪು ಸವರಿ ಮತ್ತೆ ಪ್ರಯತ್ನಿಸಿ. ಹಾಗೇ ಓಡಿಸಬೇಡಿ.

ರಬ್ಬರ್ ಹಾಲಿನ ಕೆಲಸ

ಬೀಡ್ ಕೂತ ಮೇಲೆ ಗಾಳಿ ಬಿಟ್ಟು, ಕೋರ್ ಇಲ್ಲದ ವಾಲ್ವಿನ ಮೂಲಕ ಸಿರಿಂಜಿನಲ್ಲಿ ಸೀಲೆಂಟ್ ಹಾಕಿ. 25ರಿಂದ 28 ಮಿ.ಮೀ. ಟೈರಿಗೆ 30ರಿಂದ 40 ಮಿ.ಲೀ. ಸಾಕು. ಕೋರ್ ಬಿಗಿದು ಗಾಳಿ ತುಂಬಿ, ವೀಲನ್ನು ತಿರುಗಿಸಿ, ಎರಡೂ ಬದಿಗೆ ವಾಲಿಸಿ ಅಲ್ಲಾಡಿಸಿ. ರಿಮ್ ಬ್ರೇಕ್ ಇರುವ ಸೈಕಲ್ಲಾದರೆ ಬ್ರೇಕ್ ಕಚ್ಚುವ ಅಂಚಿಗೆ ಸಿಡಿದ ಸೀಲೆಂಟನ್ನು ಪೂರ್ತಿ ಒರೆಸಿದ ಮೇಲೆಯೇ ರಸ್ತೆಗಿಳಿಯಿರಿ.

ಈ ಬಿಳಿ ದ್ರವ ಏನು? ಹೆಚ್ಚಿನ ಸೀಲೆಂಟುಗಳ ಮೂಲ ರಬ್ಬರ್ ಮರದ ಹಾಲು. ಸುಳ್ಯ, ಪುತ್ತೂರು ಕಡೆಯ ತೋಟಗಳಲ್ಲಿ ಮರದ ತೊಗಟೆ ಗೀರಿ ಕರಟದಂಥ ಬಟ್ಟಲಿಗೆ ಇಳಿಸುತ್ತಾರಲ್ಲ, ಅದೇ ಬಗೆಯ ಹಾಲು. ಅಲ್ಲಿ ಹಾಲು ಗಟ್ಟಿಯಾಗದಿರಲು ಅಮೋನಿಯಾ ಸೇರಿಸುತ್ತಾರೆ. ಬಹಳಷ್ಟು ಸೀಲೆಂಟಿನ ಘಾಟು ವಾಸನೆಯೂ ಅದರದೇ. ಟೈರಿಗೆ ಮುಳ್ಳು ಚುಚ್ಚಿದಾಗ ಹೊರನುಗ್ಗುವ ಗಾಳಿ ಈ ದ್ರವವನ್ನೂ ತೂತಿಗೆ ಎಳೆದು ತರುತ್ತದೆ. ಅದರಲ್ಲಿನ ಸಣ್ಣ ನಾರು, ಕಣಗಳು ತೂತಿಗೆ ಅಡ್ಡ ಸಿಕ್ಕಿಕೊಳ್ಳುತ್ತವೆ, ರಬ್ಬರ್ ಅವುಗಳ ಸುತ್ತ ಹೆಪ್ಪುಗಟ್ಟುತ್ತದೆ. ಜಾಲಿ ಮುಳ್ಳಿನ ತೂತಾದರೆ ಒಂದೆರಡು ಸುತ್ತಿನಲ್ಲಿ ಮುಚ್ಚಿಹೋಗುತ್ತದೆ, ಎಷ್ಟೋ ಸಲ ನಮಗೆ ಗೊತ್ತೂ ಆಗುವುದಿಲ್ಲ. ಲಾಳದ ಮೊಳೆ ಸೀಳಿದಷ್ಟು ದೊಡ್ಡ ಗಾಯವಾದರೆ ಆಗುವುದಿಲ್ಲ.

ಒಮ್ಮೆ ಹಾಕಿದರೆ ಮುಗಿಯಿತು ಎಂಬ ಮಾತನ್ನು ನಂಬಬೇಡಿ. ಸೀಲೆಂಟ್ ಒಣಗುತ್ತದೆ. ನಮ್ಮ ಬೇಸಿಗೆಯಲ್ಲಿ ಎರಡು ಮೂರು ತಿಂಗಳಿಗೊಮ್ಮೆ ನೋಡಿ ಹೊಸದು ಸೇರಿಸಬೇಕು. ಪರೀಕ್ಷೆಗೆಂದು ನಾಲ್ಕು ತಿಂಗಳು ಸೈಕಲ್ಲನ್ನು ಮೂಲೆಗಿಟ್ಟು ಮತ್ತೆ ತೆಗೆದರೆ ಒಳಗೆ ಹಾಲಿನ ಬದಲು ಒಣಗಿದ ರಬ್ಬರ್ ಪೊರೆ ಇರುತ್ತದೆ. ಟ್ಯೂಬ್‌ಲೆಸ್ ಎಂಬ ಹೆಸರಷ್ಟೇ ಉಳಿದಿರುತ್ತದೆ, ಮುಳ್ಳಿಗೆ ಉತ್ತರವಿರುವುದಿಲ್ಲ.

ದಾರಿಯಲ್ಲಿ ಕೈಕೊಟ್ಟರೆ

ಮೈಸೂರು, ಬೆಂಗಳೂರಿನಿಂದ ಹೊರಡುವ ಬಿಆರ್‌ಎಂ ರೈಡುಗಳ ಬಗ್ಗೆ ಸೈಕಲ್ ಹುಚ್ಚಿನವರು ಕೇಳಿರುತ್ತೀರಿ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ. ದಾರಿಯ ನಡುವೆ ಹಿಂದೆ ಬರುವ ಕಾರಿನವರ ಸಹಾಯ ಪಡೆಯುವಂತಿಲ್ಲ, ನಮ್ಮ ರಿಪೇರಿ ನಮ್ಮ ಕೈಯಲ್ಲೇ. ಈ ರೈಡುಗಳ ಹಿರಿಯಜ್ಜ ಎನ್ನಬಹುದಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಮೊದಲ ಸಲ ನಡೆದದ್ದು 1891ರಲ್ಲಿ. ಡನ್‌ಲಪ್ ಗಾಳಿಯ ಟೈರ್ ತಂದು ಆಗ ಮೂರೇ ವರ್ಷ. ಅಂದು ಗೆದ್ದ ಚಾರ್ಲ್ಸ್ ಟೆರಾಂಟ್ ಸೈಕಲ್ಲಿನಲ್ಲಿ ಇದ್ದದ್ದು ಮಿಶೆಲಿನ್ ಸಹೋದರರ ಕಳಚಬಹುದಾದ ಟೈರು. ಆಗಿನ ಅಂಟಿಸಿದ ಟೈರುಗಳ ಪಂಕ್ಚರ್ ಹಾಕಲು ಗಂಟೆಗಟ್ಟಲೆ ಬೇಕಾಗುತ್ತಿತ್ತು. ಬೇಗ ಬಿಚ್ಚಿ ಹಾಕಬಹುದೆಂಬುದೇ ಆ ಟೈರಿನ ದೊಡ್ಡ ಗುಣವಾಗಿತ್ತು. ಪಂಕ್ಚರ್ ಆಗದ ಟೈರಿಗಿಂತ ಬೇಗ ಸರಿಮಾಡಬಲ್ಲ ಟೈರು ಮುಖ್ಯ ಎಂಬ ಆ ಪಾಠ ಇವತ್ತಿಗೂ ಹಳೆಯದಾಗಿಲ್ಲ.

ಅದಕ್ಕೇ ಟ್ಯೂಬ್‌ಲೆಸ್ ಹಾಕಿದ ಮೇಲೂ ಸೀಟಿನ ಚೀಲದಲ್ಲಿ ಒಂದು ಟ್ಯೂಬು, ಲಿವರ್, ಸಣ್ಣ ಪಂಪ್ ಇರಲೇಬೇಕು. ಸೀಲೆಂಟ್ ಸೋತರೆ ಮೊದಲು ಸಪೂರ ರಬ್ಬರ್ ಸ್ಟ್ರಿಪ್ ತೂರಿಸಿ ನೋಡಿ. ಬೈಕಿನದೇ ಪದ್ಧತಿ, ಅಳತೆ ಮಾತ್ರ ಸಣ್ಣದು. ಅದೂ ಆಗದಿದ್ದರೆ ಟ್ಯೂಬ್‌ಲೆಸ್ ವಾಲ್ವ್ ಬಿಚ್ಚಿ ಟ್ಯೂಬ್ ಹಾಕಿ ಮನೆಗೆ ಬನ್ನಿ. ಹಾಕುವ ಮುನ್ನ ಟೈರಿನ ಒಳಗೆಲ್ಲ ಬೆರಳಾಡಿಸಿ. ಸೀಲೆಂಟ್ ಮುಚ್ಚಿಟ್ಟಿದ್ದ ಹಳೆಯ ಮುಳ್ಳುಗಳು ಇನ್ನೂ ಅಲ್ಲೇ ಇರುತ್ತವೆ, ಹೊಸ ಟ್ಯೂಬನ್ನು ಮೊದಲ ಸುತ್ತಿಗೇ ಚುಚ್ಚುತ್ತವೆ.

ಯಾರಿಗೆ ಬೇಕು, ಯಾರಿಗೆ ಬೇಡ

ಒಂದು ಟ್ಯೂಬ್‌ಲೆಸ್ ರೋಡ್ ಟೈರಿನ ಬೆಲೆಗೆ ಸಾಧಾರಣ ಟ್ಯೂಬುಗಳು ಎಂಟು ಹತ್ತು ಬರುತ್ತವೆ. ಕೆಲಸ ಹುಡುಕುತ್ತಿರುವವರ ಜೇಬಿಗೆ ಇದು ಸಣ್ಣ ಮಾತಲ್ಲ. ಹಾಗಿದ್ದೂ ಯಾಕೆ ಹಾಕಬೇಕು? ಪಂಕ್ಚರ್ ಕಡಿಮೆ ಎಂಬುದು ಒಂದು ಕಾರಣ. ಇನ್ನೊಂದು, ಕಡಿಮೆ ಗಾಳಿಯಲ್ಲಿ ಓಡಿಸಬಹುದು. ಟ್ಯೂಬ್ ಇದ್ದಾಗ ಗಾಳಿ ಕಡಿಮೆಯಿದ್ದು ಗುಂಡಿಗೆ ಇಳಿದರೆ ರಿಮ್ಮಿಗೂ ರಸ್ತೆಗೂ ನಡುವೆ ಟ್ಯೂಬ್ ಸಿಕ್ಕಿ, ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಟ್ಯೂಬೇ ಇಲ್ಲದಿದ್ದರೆ ಆ ಭಯವಿಲ್ಲ. 28 ಮಿ.ಮೀ. ಟೈರಿಗೆ ಅರವತ್ತೈದು ಕೆ.ಜಿ.ಯವರು 60ರಿಂದ 70 ಪಿಎಸ್‌ಐ ಹಾಕಿ ಓಡಿಸಿದರೆ, ಡಾಂಬರು ಕಿತ್ತುಹೋದ ರಸ್ತೆಯಲ್ಲಿ ಅಂಗೈ ಜುಮ್ಮೆನ್ನುವುದು ಎಷ್ಟೋ ಕಡಿಮೆಯಾಗುತ್ತದೆ. ನನ್ನ ಮುಂದಿನ ವೀಲ್ ನನಗೆ ಕೊಟ್ಟ ದೊಡ್ಡ ಲಾಭ ಇದೇ.

ರಿಮ್ ಒಪ್ಪದವರು ನಿರಾಶರಾಗಬೇಕಿಲ್ಲ. ನನ್ನ ಹಿಂದಿನ ವೀಲಿಗೆ ಮಾಡಿದ್ದು ಇಷ್ಟು: ಫ್ರೇಮಿನಲ್ಲಿ ಜಾಗ ಇದೆಯೇ ನೋಡಿ 25ರ ಬದಲು 28 ಮಿ.ಮೀ. ಟೈರು, ಅದೂ ಒಳಗೆ ಮುಳ್ಳು ತಡೆಯುವ ಪದರ ಇರುವಂಥದ್ದು. ಕೋರ್ ಬಿಚ್ಚಲು ಬರುವ ವಾಲ್ವಿನ ಟ್ಯೂಬು, ಆ ಟ್ಯೂಬಿನೊಳಗೇ ಸ್ವಲ್ಪ ಸೀಲೆಂಟ್. ವಾರಕ್ಕೆ ಎರಡು ಸಲ ಗಾಳಿ. ಮನೆಗೆ ಬಂದ ಕೂಡಲೇ ಟೈರನ್ನು ಒಂದು ಸುತ್ತು ತಿರುಗಿಸಿ ಕಣ್ಣಾಡಿಸುವುದು. ಅರ್ಧ ಚುಚ್ಚಿ ನಿಂತ ಮುಳ್ಳನ್ನು ಅಂದೇ ಕಿತ್ತರೆ ಅದು ನಾಳೆ ಟ್ಯೂಬಿಗೆ ತಲುಪುವುದಿಲ್ಲ. ಇದಕ್ಕೆ ಒಂದು ರೂಪಾಯಿಯೂ ಬೇಡ.

ಕೊನೆಯದಾಗಿ, ಈ ಪುಟ ಓದುವ ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. ಸಾಲಿಗ್ರಾಮ ಈಗ ತಾಲ್ಲೂಕು ಕೇಂದ್ರ. ಗೇರ್ ಸೈಕಲ್‌ಗಳು ಊರೂರಿಗೆ ಬಂದಿವೆ. ಆದರೆ ಡಿರೇಲರ್ ಹೊಂದಿಸಲು, ವೀಲಿನ ಸೊಟ್ಟ ತೆಗೆಯಲು, ಟ್ಯೂಬ್‌ಲೆಸ್ ಕೂರಿಸಲು ಇವತ್ತಿಗೂ ಮೈಸೂರಿಗೇ ಹೋಗಬೇಕು. ಕಂಪ್ರೆಸರ್ ನಮ್ಮೂರಲ್ಲೇ ಇದೆ, ಟೈರ್ ಬಿಚ್ಚಿ ಪಳಗಿದ ಕೈಗಳೂ ಇವೆ. ಇಲ್ಲದಿರುವುದು ರಿಮ್ ಮೇಲಿನ ಅಕ್ಷರ ಓದಿ, ಕೈಪಿಡಿಯ ಮಿತಿ ತಿಳಿದು, ‘ಇದಕ್ಕೆ ಆಗುತ್ತೆ, ಇದಕ್ಕೆ ಆಗಲ್ಲ’ ಎಂದು ಹೇಳಬಲ್ಲವರು. ಓದು ಬರಹ ಬಲ್ಲ ನಾವು ಆ ಅಂಗಡಿಯ ಬೆಂಚಿನ ಮೇಲೆ ಒಂದಷ್ಟು ಸಂಜೆ ಕೂತರೆ ಅವರಿಂದ ಕೈಚಳಕ ಕಲಿಯಬಹುದು, ನಮಗೆ ಗೊತ್ತಿರುವ ಲೆಕ್ಕವನ್ನು ಅವರಿಗೆ ಹೇಳಬಹುದು. ನಮ್ಮ ಅಣ್ಣನ ಅಂಗಡಿಯಲ್ಲಿ ಈಗ ಪ್ರೆಸ್ಟಾ ಅಡಾಪ್ಟರ್ ಒಂದು ಮೊಳೆಗೆ ನೇತುಹಾಕಿದೆ. ಸೈಕಲ್ ತಂದು ‘ಟ್ಯೂಬ್‌ಲೆಸ್ ಮಾಡ್ಕೊಡಿ’ ಎನ್ನುವ ಹುಡುಗರಿಗೆ ಅವರು ಮೊದಲು ಹೇಳುವುದು, “ಟೈರ್ ಬಿಚ್ಚು, ರಿಮ್ ನೋಡವ” ಎಂದು.